ಸಾಬೂನಿಗೆ ಮೊದಲು ಅಚ್ಚು

ಮನೆಯಲ್ಲಿಯೇ ಸಾಬೂನು ಮಾಡಿಕೊಳ್ಳಬೇಕೆಂಬ ಹವ್ಯಾಸ ಈಚೆಗೆ ಅನೇಕರಲ್ಲಿ ಕಂಡುಬರುತ್ತಿದೆ. ಎಣ್ಣೆ ಯಾವುದು, ಕಾಸ್ಟಿಕ್ ಸೋಡಾ ಎಷ್ಟು, ಪರಿಮಳಕ್ಕೆ ಏನು ಹಾಕಬೇಕು ಎಂಬುದನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಕಲಸಿದ ಪಾಕವನ್ನು ಯಾವುದರಲ್ಲಿ ಹೊಯ್ಯಬೇಕೆಂಬ ಪ್ರಶ್ನೆಯನ್ನು ಹೆಚ್ಚಿನವರು ಕೊನೆಯ ಗಳಿಗೆಗೆ ಬಿಟ್ಟುಬಿಡುತ್ತಾರೆ. ಆಗ ಕೈಗೆ ಸಿಕ್ಕಿದ್ದು ಊಟದ ಡಬ್ಬಿಯಾದರೆ ಊಟದ ಡಬ್ಬಿ, ಕೇಕಿನ ತಟ್ಟೆಯಾದರೆ ಕೇಕಿನ ತಟ್ಟೆ. ಇದರ ಫಲ ಎರಡು ಬಗೆ. ಒಂದೋ ಸಾಬೂನು ಪಾತ್ರೆಗೆ ಕಚ್ಚಿಕೊಂಡು ಚೂರುಚೂರಾಗಿ ಏಳುತ್ತದೆ. ಇಲ್ಲವೇ ಪಾತ್ರೆಯೇ ಕೊರೆದುಹೋಗಿ ಕ್ಷಾರ ನೆಲಕ್ಕೆ ಹರಿಯುತ್ತದೆ. ಮೊದಲನೆಯದರಿಂದ ಎಣ್ಣೆಯ ಹಣ ಹೋಗುತ್ತದೆ. ಎರಡನೆಯದರಿಂದ ಕೈಕಾಲಿಗೇ ಕೇಡು. ಒಂದೇ ಕೋಣೆಯಲ್ಲಿ ಅಡಿಗೆ, ನಿದ್ರೆ, ಮಕ್ಕಳ ಪಾಠ ಎಲ್ಲವೂ ನಡೆಯಬೇಕಾದ ಮನೆಗಳಲ್ಲಿ ಈ ಎರಡನೆಯ ಮಾತನ್ನು ಹಗುರವಾಗಿ ಎಣಿಸಕೂಡದು.

ಆದುದರಿಂದ ಈ ಲೇಖನದಲ್ಲಿ ನಾವು ಸಾಬೂನಿಗಿಂತ ಹೆಚ್ಚಾಗಿ ಅದರ ಅಚ್ಚನ್ನು ಕುರಿತು ಬರೆಯುತ್ತೇವೆ. ಒಂದು ಕಿಲೋದೊಳಗಿನ ಸಾಬೂನಿಗೆ ಸಾಕಾಗುವ ಅಚ್ಚನ್ನು ಬಡಗಿಯ ಅಂಗಡಿಯ ತುಂಡು ಹಲಗೆ, ಹಳೆಯ ಸೈಕಲ್ ಟ್ಯೂಬು, ಖಾಲಿಯಾದ ಹಾಲಿನ ಚೀಲ ಇಷ್ಟರಿಂದಲೇ ಮಾಡಿಕೊಳ್ಳಬಹುದು. ಅಚ್ಚು ಸಿದ್ಧವಾದ ಮೇಲೆ ಅದರ ಅಳತೆಯಿಂದ ಎಣ್ಣೆಯ ಲೆಕ್ಕ ಹಿಡಿಯಬೇಕೇ ಹೊರತು, ಎಣ್ಣೆ ಕಲಸಿಕೊಂಡು ಅಚ್ಚನ್ನು ಹುಡುಕಬಾರದು.

ಅಚ್ಚಿನೊಳಗೆ ಏನು ನಡೆಯುತ್ತದೆ?

ಎಣ್ಣೆಗೂ ಕಾಸ್ಟಿಕ್ ಸೋಡಾಕ್ಕೂ ಸಂಯೋಗವಾದಾಗ ಸಾಬೂನು ಮತ್ತು ಗ್ಲಿಸರಿನ್ ಉಂಟಾಗುತ್ತವೆ. ಒಲೆಯ ಮೇಲೆ ಕುದಿಸದೆ ಮಾಡುವ, ತಣ್ಣನೆಯ ಪದ್ಧತಿ ಎಂದು ಕರೆಯುವ ವಿಧಾನದಲ್ಲಿ, ಪಾತ್ರೆಯಲ್ಲಿ ಈ ಕ್ರಿಯೆ ಆರಂಭವಾಗುತ್ತದೆಯೇ ಹೊರತು ಮುಗಿಯುವುದಿಲ್ಲ. ದೋಸೆ ಹಿಟ್ಟಿನಂತೆ ಗಟ್ಟಿಯಾದ ಪಾಕವನ್ನು ಅಚ್ಚಿಗೆ ಹೊಯ್ದಾಗ ಅದಿನ್ನೂ ಸಾಬೂನಲ್ಲ. ಮೈಮೇಲೆ ಬಿದ್ದರೆ ಸುಡುವ ಕ್ಷಾರ ಅದರಲ್ಲಿ ಉಳಿದಿರುತ್ತದೆ. ಮುಂದಿನ ಒಂದು ಹಗಲು ಒಂದು ರಾತ್ರಿ ಅಚ್ಚಿನೊಳಗೇ ಕ್ರಿಯೆ ಸಾಗಿ, ಪಾಕ ತನ್ನಷ್ಟಕ್ಕೆ ಬಿಸಿಯಾಗಿ, ಕೆಲವೊಮ್ಮೆ ೭೦ ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಆಮೇಲೆ ತಣಿದು ಗಟ್ಟಿಯಾಗುತ್ತದೆ.

ಹೀಗಿರುವುದರಿಂದ ಅಚ್ಚಿಗೆ ಮೂರು ಗುಣಗಳು ಬೇಕು. ಕ್ಷಾರಕ್ಕೆ ಕರಗಬಾರದು, ಬಿಸಿಗೆ ಸೊಟ್ಟಗಾಗಬಾರದು, ಸಾಬೂನು ಗಟ್ಟಿಯಾದ ಮೇಲೆ ಅದನ್ನು ನೋಯಿಸದೆ ಬಿಟ್ಟುಕೊಡಬೇಕು. ಅಂದದ ಮಾತು ಇವುಗಳ ನಂತರ.

ಯಾವುದು ಬೇಡ?

ಎಲ್ಲಕ್ಕಿಂತ ಮೊದಲು ದೂರವಿಡಬೇಕಾದದ್ದು ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾ ಈ ಲೋಹವನ್ನು ತಿಂದುಹಾಕುತ್ತದೆ. ತಿನ್ನುವಾಗ ಬಿಸಿ ಹುಟ್ಟಿ, ಜಲಜನಕದ ಅನಿಲ ಬುಸುಗುಟ್ಟುತ್ತ ಹೊರಡುತ್ತದೆ. ಜಲಜನಕ ಉರಿಯುವ ಅನಿಲ. ಪಕ್ಕದಲ್ಲಿಯೇ ಒಲೆ ಇರುವ ಕೋಣೆಯಲ್ಲಿ ಅದರ ಅಪಾಯವನ್ನು ವಿವರಿಸಬೇಕಾಗಿಲ್ಲ. ಊಟದ ಹಗುರ ಡಬ್ಬಿಗಳು, ಕೇಕಿನ ತಟ್ಟೆಗಳು, ಹೋಟೆಲಿನವರು ಅನ್ನ ಕಟ್ಟಿಕೊಡುವ ಬೆಳ್ಳಿಬಣ್ಣದ ತೆಳು ತಟ್ಟೆಗಳು ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನವು. ಹಿಂಡಾಲಿಯಂ ಎಂದು ಮಾರುವುದೂ ಅಲ್ಯೂಮಿನಿಯಮ್ಮಿನ ಮಿಶ್ರಲೋಹವೇ. ಅಂಟದ ಲೇಪವಿರುವ ಪಾತ್ರೆಯಾದರೂ ಒಂದು ಗೀರು ಬಿದ್ದಿದ್ದರೆ ಕ್ಷಾರ ಆ ದಾರಿಯಿಂದ ಒಳನುಗ್ಗುತ್ತದೆ.

ಪಾತ್ರೆ ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ ತಿಳಿಯಲು ಕೆಲವರು ಆಯಸ್ಕಾಂತ ಹಿಡಿದು ನೋಡುತ್ತಾರೆ. ಇದನ್ನು ಪೂರ್ತಿ ನಂಬುವಂತಿಲ್ಲ. ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ. ಆದರೆ ಅಡಿಗೆಮನೆಯ ಒಳ್ಳೆಯ ಸ್ಟೀಲ್ ಪಾತ್ರೆಗಳಲ್ಲಿಯೂ ಎಷ್ಟೋ ಅಂಟುವುದಿಲ್ಲ. ಗಾತ್ರಕ್ಕೆ ತೀರ ಹಗುರವಾಗಿದ್ದು, ಬಣ್ಣ ಮಂಕು ಬಿಳುಪಾಗಿದ್ದು, ತಿಕ್ಕಿದ ಬಟ್ಟೆಗೆ ಬೂದುಗಪ್ಪು ಹತ್ತಿದರೆ ಅದನ್ನು ಅಲ್ಯೂಮಿನಿಯಂ ಎಂದೇ ತಿಳಿದು ಬಿಟ್ಟುಬಿಡುವುದು ಲೇಸು. ಸಂದೇಹವಿದ್ದ ಪಾತ್ರೆಯನ್ನು ಬಳಸಲೇಬಾರದು.

ಸತುವಿನ ಲೇಪವಿರುವ ತಗಡು, ತವರದ ಲೇಪವಿರುವ ಬಿಸ್ಕತ್ತಿನ ಡಬ್ಬಿ ಇವೂ ಕ್ಷಾರಕ್ಕೆ ತಡೆಯವು. ತಾಮ್ರ ಹಿತ್ತಾಳೆಗಳು ಸಾಬೂನನ್ನು ಬೇಗ ಕಮಟುಗೊಳಿಸುತ್ತವೆ. ಬರಿಯ ಕಬ್ಬಿಣದಿಂದ ತುಕ್ಕಿನ ಕಲೆ ಹತ್ತುತ್ತದೆ. ಗಾಜು ಬಿಸಿಗೆ ಒಡೆಯುವ ಭಯವಿದೆ. ಒಡೆಯದಿದ್ದರೂ ಬಾಗದ ಕಾರಣ ಸಾಬೂನನ್ನು ಬಿಟ್ಟುಕೊಡುವುದಿಲ್ಲ. ಸ್ಟೀಲು ಕ್ಷಾರಕ್ಕೆ ಜಗ್ಗದು; ಕಲಸುವ ಪಾತ್ರೆಗೆ ಅದೇ ಉತ್ತಮ. ಆದರೆ ಅಚ್ಚಾಗಿ ಬಳಸಿದರೆ ಅದಕ್ಕೂ ಗಾಜಿನ ದೋಷವೇ.

ಪ್ಲಾಸ್ಟಿಕ್ಕಿನಲ್ಲಿ ಎಲ್ಲವೂ ಒಂದಲ್ಲ. ಡಬ್ಬಿಯ ಅಡಿಯಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಒತ್ತಿರುತ್ತಾರೆ. ಅದನ್ನು ಓದಿ ನೋಡಬೇಕು. ೫ ಎಂದಿದ್ದರೆ ಪಾಲಿಪ್ರೊಪಿಲೀನ್. ಬಿಸಿಗೂ ಕ್ಷಾರಕ್ಕೂ ತಡೆಯುತ್ತದೆ. ೨ ಎಂದಿದ್ದರೆ ಗಟ್ಟಿ ಪಾಲಿಥೀನ್, ಅದೂ ಆದೀತು. ೧ ಎಂದಿರುವ ನೀರಿನ ಬಾಟಲಿಯ ಪ್ಲಾಸ್ಟಿಕ್ಕು ಬಿಸಿಗೆ ಮುದುರುತ್ತದೆ, ಕ್ಷಾರಕ್ಕೂ ಸೋಲುತ್ತದೆ. ೬ ಎಂದಿರುವ ತೆಳು ಲೋಟಗಳನ್ನೂ ಬಿಟ್ಟುಬಿಡಿ. ಅಂಕಿಯೇ ಇಲ್ಲದ ಡಬ್ಬಿಯನ್ನು ಪರೀಕ್ಷೆಗೆ ಒಡ್ಡುವ ಸಾಹಸ ಬೇಡ.

ಬಿಚ್ಚಿಕೊಳ್ಳುವ ಅಚ್ಚು

ಅಚ್ಚಿನ ಮರ್ಮವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನೆಯಿರಿ. ಮರದ ಅಚ್ಚುಗಳನ್ನು ಮೊದಲು ನೀರಿನಲ್ಲಿ ನೆನೆಸುತ್ತಾರೆ. ಎರಡು ಹೋಳುಗಳನ್ನು ಜೋಡಿಸಿ ದಾರ ಸುತ್ತುತ್ತಾರೆ. ಪಾಕ ಹೊಯ್ದು, ಅದು ಗಟ್ಟಿಯಾದ ಕೂಡಲೇ ದಾರ ಬಿಚ್ಚಿ ಹೋಳುಗಳನ್ನು ಬೇರೆಮಾಡುತ್ತಾರೆ. ಆನೆ, ಗಿಳಿ, ಬೃಂದಾವನ ಮುಕ್ಕಾಗದೆ ಹೊರಬರುತ್ತವೆ. ಇಲ್ಲಿ ಎರಡು ಉಪಾಯಗಳಿವೆ: ಮರಕ್ಕೂ ಪಾಕಕ್ಕೂ ನಡುವೆ ನೀರಿನ ತೆಳು ಪದರ; ಪಾಕವನ್ನು ಅಚ್ಚಿನಿಂದ ಕೀಳುವ ಬದಲು ಅಚ್ಚನ್ನೇ ಪಾಕದಿಂದ ಬಿಡಿಸುವುದು. ಸಾಬೂನಿನ ಅಚ್ಚಿಗೂ ಈ ಎರಡೇ ಸೂತ್ರ. ನೀರಿನ ಬದಲು ಒಂದು ಒಳಹಾಸು, ದಾರದ ಬದಲು ರಬ್ಬರಿನ ಪಟ್ಟಿ, ವ್ಯತ್ಯಾಸ ಇಷ್ಟೇ. ಆದರೆ ತಿನ್ನುವ ಸಕ್ಕರೆಯ ಅಚ್ಚಿಗೆ ಎಂದೂ ಸಾಬೂನನ್ನು ಹೊಯ್ಯಬಾರದು. ಮರ ಕ್ಷಾರವನ್ನು ಹೀರಿಕೊಂಡರೆ ಅದು ಮತ್ತೆ ಅಡಿಗೆಮನೆಗೆ ಬರತಕ್ಕದ್ದಲ್ಲ.

ಹಿಂದಿನ ಸಾಬೂನು ಕಾರ್ಖಾನೆಗಳ ಕ್ರಮವೂ ಇದೇ ಆಗಿತ್ತು. ಬಾಣಲೆಯಿಂದ ತೆಗೆದ ಬಿಸಿ ಸಾಬೂನನ್ನು, ಪಕ್ಕಗಳನ್ನು ಕಳಚಬಹುದಾದ ದೊಡ್ಡ ಚೌಕಟ್ಟುಗಳಿಗೆ ಸುರಿದು, ದಿನಗಟ್ಟಲೆ ಆರಲು ಬಿಟ್ಟು, ಪಕ್ಕಗಳನ್ನು ತೆಗೆದು, ನಿಂತ ದಿಮ್ಮಿಯನ್ನು ತಂತಿಯಿಂದ ಕೊಯ್ಯುತ್ತಿದ್ದರು.

ನಮ್ಮವರು ಹಲವರು ಮೈಸೂರು ಸ್ಯಾಂಡಲ್ ಸಾಬೂನಿನಂತೆ ಅಂಡಾಕಾರದ ಬಿಲ್ಲೆ ಬೇಕೆಂದು ಆಸೆಪಡುವುದುಂಟು. ಆ ಆಸೆ ಸಹಜವೇ. ಮೊದಲನೆಯ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ೧೯೧೬ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿದ ಈ ಉದ್ಯಮ, ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳ ಪರಿಶ್ರಮದಿಂದ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯಾಗಿ ಬೆಳೆಯಿತು. ಅಂಥ ಸಾಬೂನಿಗೆ ಗುಂಡನೆಯ ಅಂಚು, ಮೇಲೆ ಮುದ್ರೆ ಬರುವುದು ಪಾಕ ಹೊಯ್ಯುವ ಅಚ್ಚಿನಿಂದಲ್ಲ. ಗಟ್ಟಿಯಾದ ಸಾಬೂನನ್ನು ಯಂತ್ರದಲ್ಲಿ ಒತ್ತುವ ಅಚ್ಚಿನಿಂದ. ಮನೆಯಲ್ಲಿ ಆ ಒತ್ತಡ ಸಾಧ್ಯವಿಲ್ಲ. ನೇರ ಅಂಚಿನ ಇಟ್ಟಿಗೆಯ ಆಕಾರವೇ ಮನೆಯ ಸಾಬೂನಿಗೆ ಒಪ್ಪುವುದು.

ಮರದ ಪೆಟ್ಟಿಗೆ ಮಾಡುವ ಕ್ರಮ

ಬಡಗಿಯ ಅಂಗಡಿಯಲ್ಲಿ ೧೨ ಮಿಲಿಮೀಟರ್ ದಪ್ಪದ ಪ್ಲೈವುಡ್ಡಿನ ಅಥವಾ ಸಾಮಾನು ತುಂಬಿ ಬರುವ ಪೆಟ್ಟಿಗೆಯ ಹಲಗೆಯ ತುಂಡುಗಳು ಸಿಗುತ್ತವೆ. ಈ ಕೆಳಗಿನ ಅಳತೆಗೆ ಕೊಯ್ಯಿಸಿಕೊಳ್ಳಿ.

ಅಡಿಹಲಗೆ ಒಂದು: ಉದ್ದ ೨೫.೪ ಸೆಂ.ಮೀ., ಅಗಲ ೯.೯ ಸೆಂ.ಮೀ.
ಉದ್ದನೆಯ ಪಕ್ಕಗಳು ಎರಡು: ಉದ್ದ ೨೫.೪ ಸೆಂ.ಮೀ., ಎತ್ತರ ೬.೫ ಸೆಂ.ಮೀ.
ಕೊನೆಯ ಹಲಗೆಗಳು ಎರಡು: ಉದ್ದ ೭.೫ ಸೆಂ.ಮೀ., ಎತ್ತರ ೬.೫ ಸೆಂ.ಮೀ.

ಉದ್ದನೆಯ ಪಕ್ಕಗಳಲ್ಲಿ ಒಂದನ್ನು ಮಾತ್ರ ಅಡಿಹಲಗೆಯ ಅಂಚಿನ ಮೇಲೆ ನಿಲ್ಲಿಸಿ, ಅಡಿಯಿಂದ ಎರಡು ಮೂರು ಮೊಳೆ ಹೊಡೆಯಬೇಕು. ಉಳಿದ ಮೂರಕ್ಕೆ ಮೊಳೆ ಬೇಡ, ಅಂಟು ಬೇಡ. ಕೊನೆಯ ಹಲಗೆಗಳನ್ನು ಎರಡು ಪಕ್ಕಗಳ ನಡುವೆ ತುದಿಗೆ ಸರಿಯಾಗಿ ಕೂರಿಸಿ, ಇನ್ನೊಂದು ಪಕ್ಕವನ್ನು ಒತ್ತಿ ನಿಲ್ಲಿಸಬೇಕು. ಸೈಕಲ್ ರಿಪೇರಿಯವನಲ್ಲಿ ಹಳೆಯ ಟ್ಯೂಬು ಕೇಳಿ ತಂದು, ಒಂದು ಬೆರಳಗಲದ ಉದ್ದನೆಯ ಪಟ್ಟಿಗಳಾಗಿ ಕತ್ತರಿಸಿಕೊಳ್ಳಿ. ಎರಡು ಪಟ್ಟಿಗಳನ್ನು ಪೆಟ್ಟಿಗೆಯ ನಾಲ್ಕು ಪಕ್ಕಗಳ ಸುತ್ತ ಬಿಗಿಯಾಗಿ ಕಟ್ಟಬೇಕು. ಇನ್ನೆರಡನ್ನು ಎರಡು ತುದಿಗಳಲ್ಲಿ, ಕೊನೆಯ ಹಲಗೆಯ ತಲೆಯ ಮೇಲಿಂದ ಅಡಿಹಲಗೆಯ ಕೆಳಕ್ಕೆ ಸುತ್ತಿ ಕಟ್ಟಬೇಕು. ಹೀಗೆ ಮಾಡಿದರೆ ಪಾಕ ಹೊಯ್ಯುವ ಬಾಯಿಗೆ ಯಾವುದೂ ಅಡ್ಡ ಬರುವುದಿಲ್ಲ. ಪಟ್ಟಿ ಬಿಚ್ಚಿದರೆ ಪೆಟ್ಟಿಗೆ ಬಿಡಿಬಿಡಿಯಾಗಿ, ಟ್ರಂಕಿನ ಒಂದು ಮೂಲೆಯಲ್ಲಿ ಅಡಗುತ್ತದೆ. ಜಾಗವಿಲ್ಲದ ಮನೆಯವರಿಗೆ ಇದೂ ಒಂದು ಅನುಕೂಲವೇ.

ಪೆಟ್ಟಿಗೆಯ ಒಳಗಿನ ಉದ್ದ ೨೩ ಸೆಂ.ಮೀ., ಅಗಲ ೭.೫ ಸೆಂ.ಮೀ. ಆಯಿತು. ಎತ್ತರ ೬.೫ ಸೆಂ.ಮೀ. ಇದ್ದರೂ ೫ ಸೆಂ.ಮೀ. ವರೆಗೆ ಮಾತ್ರ ತುಂಬಬೇಕು. ಪಾಕ ಬಿಸಿಯಾದಾಗ ಉಬ್ಬಿದರೆ ಹೊರಚೆಲ್ಲದಂತೆ ಮೇಲಿನ ಜಾಗ ಕಾಯುತ್ತದೆ.

ಒಳಹಾಸು

ಬರಿಯ ಮರಕ್ಕೆ ಪಾಕ ಹೊಯ್ದರೆ ಮರ ಕ್ಷಾರವನ್ನು ಕುಡಿದು ಕಪ್ಪಾಗುತ್ತದೆ, ಸಾಬೂನೂ ಅಂಟುತ್ತದೆ. ಒಳಹಾಸಿಗೆ ನಮ್ಮ ನಗರಗಳಲ್ಲಿ ದಿನವೂ ಕಸದ ಬುಟ್ಟಿ ಸೇರುವ ಹಾಲಿನ ಚೀಲಕ್ಕಿಂತ ಉತ್ತಮವಾದದ್ದು ಇಲ್ಲ. ಅದು ಪಾಲಿಥೀನಿನ ಹಾಳೆ. ಕ್ಷಾರ ಅದಕ್ಕೆ ತಾಗುವುದಿಲ್ಲ, ಸಾಬೂನಿನ ಬಿಸಿಗೆ ಅದು ಕರಗುವುದೂ ಇಲ್ಲ. ಚೀಲವನ್ನು ಅಂಚಿನಲ್ಲಿ ಸೀಳಿ ಬಿಡಿಸಿ, ಜಿಡ್ಡು ಹೋಗುವಂತೆ ತೊಳೆದು, ಪೂರ್ತಿ ಒಣಗಿಸಬೇಕು. ಅಕ್ಷರ ಚಿತ್ರಗಳಿರುವ ಹೊರಮೈ ಮರದ ಕಡೆಗೂ ಹಾಲು ತಾಗಿದ ಒಳಮೈ ಸಾಬೂನಿನ ಕಡೆಗೂ ಇರಲಿ. ಇಲ್ಲದಿದ್ದರೆ ಬಣ್ಣ ಸಾಬೂನಿಗೆ ಹತ್ತುತ್ತದೆ.

ಒಂದು ಪಟ್ಟಿಯನ್ನು ಪೆಟ್ಟಿಗೆಯ ಉದ್ದಕ್ಕೆ, ಎರಡು ತುದಿಗಳೂ ಮೇಲೆ ಬರುವಂತೆ ಹಾಸಬೇಕು. ಇನ್ನೊಂದನ್ನು ಅದರ ಮೇಲೆ ಅಡ್ಡಲಾಗಿ ಹಾಸಬೇಕು. ಒಂದು ಚೀಲ ಸಾಲದೆ ಹೋದರೆ ಎರಡನ್ನು ನಾಲ್ಕು ಬೆರಳಿನಷ್ಟು ಒಂದರ ಮೇಲೊಂದು ಬರುವಂತೆ ಜೋಡಿಸಬಹುದು. ಹೊರಗೆ ಉಳಿದ ಅಂಚುಗಳನ್ನು ಮಡಿಸಿ ಬಟ್ಟೆಯ ಕ್ಲಿಪ್ಪಿನಿಂದ ಹಿಡಿಸಿದರೆ ಹೊಯ್ಯುವಾಗ ಹಾಸು ಕುಸಿಯುವುದಿಲ್ಲ. ಮೂಲೆಗಳಲ್ಲಿ ಹಾಸನ್ನು ಬೆರಳಿನಿಂದ ಒತ್ತಿ ಕೂರಿಸುವ ಕೆಲಸಕ್ಕೆ ಸ್ವಲ್ಪ ಹೊತ್ತು ಕೊಡಿ. ಇಲ್ಲಿ ಉಳಿದ ಸುಕ್ಕು ನಾಳೆ ಸಾಬೂನಿನ ಮೈಮೇಲೆ ಗೀರಾಗಿ ಕಾಣುತ್ತದೆ.

ಅಚ್ಚಿನಿಂದ ಎಣ್ಣೆಯ ಲೆಕ್ಕ

ಗುಮಾಸ್ತರಾದ ನಮ್ಮ ಓದುಗರಿಗೆ ಈ ಲೆಕ್ಕ ಕಷ್ಟವಲ್ಲ. ಒಳಗಿನ ಉದ್ದ, ಅಗಲ, ತುಂಬುವ ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿದರೆ ಅಚ್ಚಿನ ಗಾತ್ರ ಘನ ಸೆಂಟಿಮೀಟರಿನಲ್ಲಿ ಬರುತ್ತದೆ. ಅದನ್ನು ೦.೭ರಿಂದ ಗುಣಿಸಿದರೆ ಬೇಕಾದ ಎಣ್ಣೆಯ ತೂಕ ಗ್ರಾಮಿನಲ್ಲಿ ಸಿಗುತ್ತದೆ. ಉಳಿದ ಸ್ಥಳವನ್ನು ನೀರೂ ಕಾಸ್ಟಿಕ್ಕೂ ತುಂಬುತ್ತವೆ. ನಮ್ಮ ಪೆಟ್ಟಿಗೆಗೆ ೨೩ × ೭.೫ × ೫ = ೮೬೨.೫; ಅದರ ೦.೭ ಪಾಲು ಸುಮಾರು ೬೦೦ ಗ್ರಾಂ ಎಣ್ಣೆ. ಅದಕ್ಕೆ ಹೊಂದುವ ಒಂದು ಪ್ರಮಾಣ ಹೀಗಿದೆ:

ಕೊಬ್ಬರಿ ಎಣ್ಣೆ ೩೦೦ ಗ್ರಾಂ
ಕಡಲೆಕಾಯಿ ಎಣ್ಣೆ ೨೪೦ ಗ್ರಾಂ
ಹರಳೆಣ್ಣೆ ೬೦ ಗ್ರಾಂ
ಶುದ್ಧ ಕಾಸ್ಟಿಕ್ ಸೋಡಾ ೯೦ ಗ್ರಾಂ
ನೀರು ೧೮೦ ಗ್ರಾಂ

ಈ ಎಣ್ಣೆಗಳು ಪೂರ್ತಿಯಾಗಿ ಸಾಬೂನಾಗಲು ಸುಮಾರು ೯೫ ಗ್ರಾಂ ಕಾಸ್ಟಿಕ್ ಬೇಕು. ನಾವು ೯೦ ಗ್ರಾಂ ಮಾತ್ರ ಹೇಳಿರುವುದು, ಕ್ಷಾರ ಮಿಗದೆ ಸ್ವಲ್ಪ ಎಣ್ಣೆಯೇ ಮಿಗಲಿ ಎಂದು. ಚಮಚದ ಅಳತೆ ಇಲ್ಲಿ ನಡೆಯದು. ಒಂದು ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಒಂದು ಎಣ್ಣೆಯ ಬದಲು ಇನ್ನೊಂದನ್ನು ಹಾಕಿದರೆ ಕಾಸ್ಟಿಕ್ಕಿನ ತೂಕವೂ ಬದಲಾಗುತ್ತದೆಂಬುದನ್ನು ಮರೆಯಬಾರದು. ಕೊಬ್ಬರಿ ಎಣ್ಣೆಗೆ ಗ್ರಾಮಿಗೆ ೦.೧೮೩ ಗ್ರಾಂ ಕಾಸ್ಟಿಕ್ ಬೇಕಾದರೆ ಕಡಲೆಕಾಯಿ ಎಣ್ಣೆಗೆ ೦.೧೩೬ ಸಾಕು, ಹರಳೆಣ್ಣೆಗೆ ೦.೧೨೮. ಕೊಬ್ಬರಿ ಎಣ್ಣೆಯ ಲೆಕ್ಕವನ್ನೇ ಹಿಡಿದು ಬರಿಯ ಕಡಲೆಕಾಯಿ ಎಣ್ಣೆಯಿಂದ ಮಾಡಿದ ಸಾಬೂನು ಚರ್ಮವನ್ನು ಸುಡುತ್ತದೆ.

ಓರೆಕೋರೆಯಾದ ಬಟ್ಟಲುಗಳಿಗೆ ಗುಣಾಕಾರ ಬೇಡ. ತುಂಬುವ ಮಟ್ಟಕ್ಕೆ ನೀರು ಹಾಕಿ, ಆ ನೀರನ್ನು ತೂಗಿದರಾಯಿತು. ಎಷ್ಟು ಗ್ರಾಂ ನೀರೋ ಅಷ್ಟು ಘನ ಸೆಂಟಿಮೀಟರ್ ಗಾತ್ರ. ಆರು ಬಟ್ಟಲಿಗೆ ಒಟ್ಟು ೬೦೦ ಗ್ರಾಂ ನೀರು ಹಿಡಿದರೆ ೪೨೦ ಗ್ರಾಂ ಎಣ್ಣೆ ಬೇಕು. ಆಗ ಮೇಲಿನ ಪ್ರಮಾಣದ ಎಲ್ಲ ಅಂಕಿಗಳನ್ನೂ ೦.೭ರಿಂದ ಗುಣಿಸಿದರೆ ಕಾಸ್ಟಿಕ್ ೬೩ ಗ್ರಾಂ, ನೀರು ೧೨೬ ಗ್ರಾಂ ಎಂದು ಬರುತ್ತದೆ. ನೀರು ತುಂಬಿ ನೋಡುವುದರಿಂದ ಇನ್ನೊಂದು ಲಾಭವೂ ಉಂಟು. ಸೋರುವ ಅಚ್ಚು ನೀರಿನಲ್ಲಿಯೇ ತನ್ನ ಗುಟ್ಟನ್ನು ಹೇಳಿಬಿಡುತ್ತದೆ. ಪರೀಕ್ಷೆಯಾದ ಮೇಲೆ ಚೆನ್ನಾಗಿ ಒರಸಿ ಒಣಗಿಸಬೇಕು.

ಬೇರೆ ಅಚ್ಚುಗಳು

ಮರಗೆಲಸ ಒಲ್ಲದವರಿಗೆ ಹಣ್ಣಿನ ರಸ ಅಥವಾ ಹಾಲು ಬರುವ ಒಂದು ಲೀಟರಿನ ಕಾಗದದ ಪೆಟ್ಟಿಗೆ ಸುಲಭ. ಅದರ ಒಳಮೈಯಲ್ಲಿ ಪಾಲಿಥೀನಿನ ಪದರವಿರುತ್ತದೆ. ಒಂದು ಉದ್ದನೆಯ ಪಕ್ಕವನ್ನು ಕತ್ತರಿಸಿ ತೆಗೆದು ಮಲಗಿಸಿದರೆ ಅಚ್ಚು ಸಿದ್ಧ. ಆದರೆ ಇವುಗಳಲ್ಲಿ ಹಲವದರ ಪದರಗಳ ನಡುವೆ ಅಲ್ಯೂಮಿನಿಯಮ್ಮಿನ ತೆಳು ಹಾಳೆ ಇರುವುದರಿಂದ, ಒಳಗೆ ಗೀರು ಬಿದ್ದಿರಬಾರದು ಮತ್ತು ಪಾಕ ಕತ್ತರಿಸಿದ ಅಂಚಿನವರೆಗೆ ಬರಬಾರದು. ಪಕ್ಕಗಳು ಹೊಟ್ಟೆ ಉಬ್ಬದಂತೆ ಎರಡು ಕಡೆಯೂ ಇಟ್ಟಿಗೆಯನ್ನೋ ದಪ್ಪ ಪುಸ್ತಕವನ್ನೋ ಒತ್ತಿ ಇಡಬೇಕು. ಸಾಬೂನು ಗಟ್ಟಿಯಾದ ಮೇಲೆ ಪೆಟ್ಟಿಗೆಯನ್ನು ಹರಿದು ಸುಲಿದರಾಯಿತು. ಒಂದು ಸಲಕ್ಕೆ ಒಂದು ಪೆಟ್ಟಿಗೆ.

ದುಂಡು ಬಿಲ್ಲೆ ಬೇಕಾದರೆ ನಳದ ಕೆಲಸದವರಲ್ಲಿ ಉಳಿಯುವ ಪಿವಿಸಿ ಕೊಳವೆಯ ತುಂಡು ಆಗುತ್ತದೆ. ಒಳವ್ಯಾಸ ೭ ಸೆಂ.ಮೀ. ಇದ್ದು ೨೨ ಸೆಂ.ಮೀ. ಎತ್ತರ ತುಂಬಿದರೆ ಮೇಲಿನ ೬೦೦ ಗ್ರಾಂ ಎಣ್ಣೆಯ ಪ್ರಮಾಣವೇ ಹಿಡಿಸುತ್ತದೆ. ಮೇಲೆ ಎರಡು ಮೂರು ಸೆಂ.ಮೀ. ಖಾಲಿ ಇರುವಷ್ಟು ಉದ್ದದ ತುಂಡು ಬೇಕು. ಒಳಗೆ ಹಾಲಿನ ಚೀಲದ ಹಾಳೆಯನ್ನು ಸುರುಳಿಯಾಗಿ ಇಳಿಸಬೇಕು. ಅಡಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ಟೇಪಿನಿಂದ ಭದ್ರವಾಗಿ ಸುತ್ತಬೇಕು. ಹಾಸಿಲ್ಲದ ಕೊಳವೆಯಿಂದ ಸಾಬೂನನ್ನು ದೂಡುವುದು ಬಲು ಕಷ್ಟ.

೫ ಅಂಕಿಯ ಮೊಸರಿನ ಬಟ್ಟಲು, ಸಿಲಿಕೋನಿನ ಬಟ್ಟಲುಗಳು ಬಿಡಿ ಬಿಲ್ಲೆಗೆ ಒಪ್ಪುತ್ತವೆ. ಇವಕ್ಕೆ ಹಾಸು ಬೇಡ. ಬಾಗಿಸಿದರೆ ಸಾಬೂನು ಕಳಚಿಕೊಳ್ಳುತ್ತದೆ. ಸಾಬೂನಿಗೆ ಬಳಸಿದ ಬಟ್ಟಲನ್ನು ಮತ್ತೆ ಊಟಕ್ಕೆ ಬಳಸಕೂಡದು.

ಹೊಯ್ಯುವುದು, ಬಿಡಿಸುವುದು

ಅಚ್ಚು ಸಿದ್ಧವಾಗಿ ಸಮತಟ್ಟಾದ ಜಾಗದಲ್ಲಿ ಕುಳಿತ ಮೇಲೆಯೇ ಕಾಸ್ಟಿಕ್ಕಿನ ಡಬ್ಬಿಯನ್ನು ತೆರೆಯತಕ್ಕದ್ದು. ಮಕ್ಕಳು ಹೊರಗಿರಲಿ, ಕಿಟಕಿ ತೆರೆದಿರಲಿ. ಕಣ್ಣಿಗೆ ಮುಚ್ಚುಗನ್ನಡಕ, ಕೈಗೆ ರಬ್ಬರಿನ ಚೀಲ, ಉದ್ದ ತೋಳಿನ ಅಂಗಿ ಇರಲೇಬೇಕು. ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ಕಿನ ಮೇಲೆ ನೀರು ಸುರಿದರೆ ಅದು ಸಿಡಿಯುತ್ತದೆ. ಮೋರಿ ಶುಚಿಮಾಡುವ ಪುಡಿಗಳಲ್ಲಿ ಬೇರೆ ವಸ್ತುಗಳು, ಕೆಲವೊಮ್ಮೆ ಅಲ್ಯೂಮಿನಿಯಮ್ಮಿನ ಚೂರುಗಳೂ ಸೇರಿರುವುದರಿಂದ ಅವು ಬೇಡವೇ ಬೇಡ. ದ್ರಾವಣ ಮೈಗೆ ಸಿಡಿದರೆ ನಿಂಬೆಹುಳಿ, ವಿನಿಗರ್ ಎಂದು ಹುಡುಕದೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕಾಲು ಗಂಟೆಗೆ ಕಡಿಮೆಯಿಲ್ಲದೆ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು. ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ನೋಡಿಕೊಂಡು, ಇಲ್ಲವೇ ಎರಡು ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡು ಈ ಕೆಲಸಕ್ಕೆ ಕೂಡುವುದು ವಿವೇಕ.

ದ್ರಾವಣವೂ ಎಣ್ಣೆಯೂ ಸುಮಾರು ೪೦ ಡಿಗ್ರಿಗೆ ಇಳಿದಾಗ ಸೇರಿಸಿ ಕಡೆಯಬೇಕು. ಚಮಚದಿಂದ ಇಳಿಬಿಟ್ಟ ಎಳೆ ಪಾಕದ ಮೇಲೆ ಕ್ಷಣಕಾಲ ಗುರುತು ಉಳಿಸಿದರೆ ಹದ ಬಂತೆಂದು ತಿಳಿದು ಅಚ್ಚಿಗೆ ಹೊಯ್ದು, ಪೆಟ್ಟಿಗೆಯನ್ನು ನೆಲಕ್ಕೆ ಮೆಲ್ಲಗೆ ಎರಡು ಸಲ ತಟ್ಟಬೇಕು. ಒಳಗಿನ ಗಾಳಿಗುಳ್ಳೆ ಮೇಲೇಳುತ್ತವೆ.

ಇನ್ನು ಬಿಸಿಯ ವಿಚಾರ. ದೆಹಲಿಯ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯೇ ಹೆಪ್ಪುಗಟ್ಟುತ್ತದೆ. ಅಲ್ಲಿ ಅಚ್ಚಿನ ಮೇಲೆ ಹಲಗೆ ಮುಚ್ಚಿ ಹಳೆಯ ಕಂಬಳಿ ಹೊದಿಸಬೇಕು. ಇಲ್ಲದಿದ್ದರೆ ಮೇಲುಮೈಯಲ್ಲಿ ಬಿಳಿಯ ಬೂದಿಯಂಥ ಪುಡಿ ಕಟ್ಟುತ್ತದೆ. ಅದು ಕ್ಷಾರ ಗಾಳಿಯೊಡನೆ ಸೇರಿ ಆದ ತೊಳೆಸೋಡಾ; ಕೆರೆದು ತೆಗೆದರೆ ಸಾಕು. ಚೆನ್ನೈ, ಹೈದರಾಬಾದುಗಳ ಬೇಸಿಗೆಯಲ್ಲಿ ಕಂಬಳಿ ಹೊದಿಸಿದರೆ ಪಾಕ ಅತಿಯಾಗಿ ಕಾದು ನಡುವೆ ಬಿರುಕು ಬಿಡುತ್ತದೆ; ಅಲ್ಲಿ ತೆರೆದಿಡುವುದೇ ಸರಿ. ಮುಂಬಯಿಯ ಮಳೆಗಾಲದಲ್ಲಿ ಸಾಬೂನಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಹೀರಿ ಬಿಲ್ಲೆಗಳು ಬೆವರುತ್ತವೆ, ಅದಕ್ಕೆ ಹೆದರಬೇಕಾಗಿಲ್ಲ.

ಒಂದು ಅಥವಾ ಎರಡು ದಿನ ಕಳೆದು ಸಾಬೂನು ಪೂರ್ತಿ ತಣ್ಣಗಾಗಿ, ಬೆರಳೊತ್ತಿದರೆ ಗುರುತು ಬೀಳದಂತಾದಾಗ ಪಟ್ಟಿಗಳನ್ನು ಬಿಚ್ಚಬೇಕು. ಪಕ್ಕಗಳನ್ನು ತೆಗೆದು, ಹಾಸನ್ನು ಮೆಲ್ಲಗೆ ಸುಲಿಯಬೇಕು. ಈ ಹಂತದಲ್ಲಿಯೂ ಕೈಚೀಲ ಇರಲಿ. ಎರಡು ಕಡ್ಡಿಗಳ ನಡುವೆ ಬಿಗಿದ ಸಣ್ಣ ಉಕ್ಕಿನ ತಂತಿಯಿಂದ, ತಂಬೂರಿಯ ತಂತಿಯಾದರೂ ಆದೀತು, ೨.೫ ಸೆಂ.ಮೀ. ದಪ್ಪಕ್ಕೆ ಕೊಯ್ದರೆ ಒಂಬತ್ತು ಬಿಲ್ಲೆಗಳು ದೊರೆಯುತ್ತವೆ. ತುಂಬ ದಿನ ಬಿಟ್ಟರೆ ಕೊಬ್ಬರಿ ಎಣ್ಣೆ ಹೆಚ್ಚಿರುವ ಸಾಬೂನು ಗಡುಸಾಗಿ ಕೊಯ್ಯುವಾಗ ಒಡೆಯುತ್ತದೆ. ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಬಿದಿರಿನ ಮೊರದಲ್ಲಿ ನಿಲ್ಲಿಸಿ, ಗಾಳಿಯಾಡುವ ನೆರಳಿನಲ್ಲಿ ನಾಲ್ಕರಿಂದ ಆರು ವಾರ ಮಾಗಿಸಬೇಕು. ಕೊಯ್ದ ಮೈಯಲ್ಲಿ ಬಿಳಿಯ ಹರಳುಗಳಾಗಲಿ ದ್ರವ ತುಂಬಿದ ಗುಳಿಗಳಾಗಲಿ ಕಂಡರೆ ಆ ಸಾಬೂನನ್ನು ಮೈಗೆ ಹಚ್ಚಬಾರದು. ಅದು ಕ್ಷಾರ ಬೆರೆಯದೆ ಉಳಿದಿರುವ ಗುರುತು.

ಕಾಸ್ಟಿಕ್ ಬೇಡವೆನ್ನುವವರಿಗೆ

ಹತ್ತು ಮಂದಿ ಕೂಡಿ ಇರುವ ಕೋಣೆಯಲ್ಲಿ, ತೆವಳುವ ಮಗುವಿರುವ ಮನೆಯಲ್ಲಿ ಕಾಸ್ಟಿಕ್ಕಿನ ಕೆಲಸವನ್ನು ಮಾಡಲೇಬೇಡಿ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಅಂಥವರಿಗೂ ಈ ಅಚ್ಚು ವ್ಯರ್ಥವಲ್ಲ. ಬಚ್ಚಲಲ್ಲಿ ಸವೆದು ಉಳಿಯುವ ಸಾಬೂನಿನ ಚೂರುಗಳನ್ನು ಎಲ್ಲರೂ ಒಂದು ಡಬ್ಬಿಯಲ್ಲಿ ಕೂಡಿಡಲಿ. ಅರ್ಧ ಕಿಲೋ ಆದಾಗ ಹೆರೆಮಣೆಯಲ್ಲಿ ತುರಿದು, ನಾಲ್ಕಾರು ಚಮಚ ನೀರು ಚಿಮುಕಿಸಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಮೆತ್ತಗಾಗುವವರೆಗೆ ಕಾಯಿಸಿ, ಹಾಸು ಹಾಕಿದ ಅಚ್ಚಿಗೆ ಒತ್ತಿ ತುಂಬಿದರೆ, ಮೂಲೆಗಳಿಗೆ ಚಮಚದಿಂದ ಅದುಮಿದರೆ, ಎರಡು ದಿನದಲ್ಲಿ ಬಟ್ಟೆಗೂ ಕೈಗೂ ಆಗುವ ಹೊಸ ಬಿಲ್ಲೆಗಳಾಗುತ್ತವೆ. ನೋಡಲು ಒರಟಾದರೂ ಕೆಲಸಕ್ಕೆ ಕುಂದಿಲ್ಲ. ಕಾಸ್ಟಿಕ್ಕಿನಿಂದ ಮಾಡಬೇಕೆಂದಿರುವವರೂ ಮೊದಲು ಹೀಗೆ ಒಂದು ಸಲ ಮಾಡಿ ತಮ್ಮ ಅಚ್ಚನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಹಾಸು ಎಲ್ಲಿ ಸುಕ್ಕಾಗುತ್ತದೆ, ಪಟ್ಟಿ ಎಲ್ಲಿ ಸಡಿಲ ಎಂಬುದು ಅಪಾಯವಿಲ್ಲದೆ ತಿಳಿಯುತ್ತದೆ.

ಲಾಭದ ಮಾತು

ಕೊನೆಗೆ ಖರ್ಚಿನ ವಿಚಾರ. ಒಳ್ಳೆಯ ಎಣ್ಣೆ ಕೊಂಡು ಮನೆಯಲ್ಲಿ ಮಾಡಿದ ಸಾಬೂನು ಅಂಗಡಿಯ ಅಗ್ಗದ ಸಾಬೂನಿಗಿಂತ ಸೋವಿಯಾಗುತ್ತದೆಂದು ಹೇಳಲು ನಾವು ಸಿದ್ಧರಿಲ್ಲ. ಕಾರ್ಖಾನೆ ಟನ್ನುಗಟ್ಟಲೆ ಕೊಳ್ಳುವ ದರ ನಮಗೆ ಸಿಕ್ಕುವುದಿಲ್ಲ. ಆದರೆ ಒಳಗೆ ಏನಿದೆಯೆಂದು ಗೊತ್ತಿರುವ ಸಾಬೂನು, ಗ್ಲಿಸರಿನ್ ಕಳೆದುಕೊಳ್ಳದ ಸಾಬೂನು ದೊರೆಯುತ್ತದೆ. ಕೊಬ್ಬರಿ ಎಣ್ಣೆ ಧಾರಾಳವಾಗಿರುವುದರಿಂದ ಕೊಳವೆಬಾವಿಯ ಗಡುಸು ನೀರಿನಲ್ಲಿಯೂ ನೊರೆ ಬರುತ್ತದೆ. ಊರಿಗೆ ಹೋಗುವಾಗ ನಾಲ್ಕು ಬಿಲ್ಲೆ ಕಟ್ಟಿಕೊಂಡು ಹೋದರೆ ಮನೆಯವರಿಗೂ ಸಂತೋಷ.

ಆದರೆ ಮಾರಾಟದ ಮಾತು ಬೇರೆ. ಮೈಗೆ ಹಚ್ಚುವ ಸಾಬೂನು ನಮ್ಮ ದೇಶದಲ್ಲಿ ಪ್ರಸಾಧನ ಸಾಮಗ್ರಿಯೆಂದು ಎಣಿಕೆಯಾಗುತ್ತದೆ. ೧೯೪೦ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆ, ಅದರ ಕೆಳಗಿನ ೨೦೨೦ರ ನಿಯಮಗಳ ಪ್ರಕಾರ ಮಾರಾಟಕ್ಕಾಗಿ ತಯಾರಿಸುವವರು ರಾಜ್ಯದ ಅಧಿಕಾರಿಗಳಿಂದ ಪರವಾನಗಿ ಪಡೆಯಬೇಕು. ಬಾಡಿಗೆಯ ಕೋಣೆಯಲ್ಲಿ ಕುಳಿತು ನೂರಾರು ಬಿಲ್ಲೆ ಮಾಡಿ ಮಾರುತ್ತೇವೆಂದು ಸಾಲ ತೆಗೆಯುವ ಮೊದಲು ಈ ಮಾತನ್ನು ವಿಚಾರಿಸಿಕೊಳ್ಳಬೇಕು.

ಸ್ವಂತ ಉಪಯೋಗಕ್ಕಾದರೆ ಯಾವ ಅಡ್ಡಿಯೂ ಇಲ್ಲ. ಈ ಭಾನುವಾರ ಹಲಗೆಗಳನ್ನು ಕೊಯ್ಯಿಸಿ ತಂದು ಪೆಟ್ಟಿಗೆ ಕಟ್ಟಿ ನೋಡ. ಹಾಸು ಹಾಕಿ, ನೀರು ತುಂಬಿ, ಒಂದು ಗಂಟೆ ಹಾಗೆಯೇ ಬಿಡಿ. ಒಂದು ಹನಿಯೂ ಸೋರದಿದ್ದರೆ ಅರ್ಧ ಕೆಲಸ ಮುಗಿಯಿತೆಂದೇ ತಿಳಿಯಿರಿ. ಎಣ್ಣೆಯನ್ನು ಮುಂದಿನ ಭಾನುವಾರ ಕೊಳ್ಳಬಹುದು.